ಮೂರು ಸಲ ತಟ್ಟಿದ ಪುಸ್ತಕ

“ಅಕ್ಕ, ನನಗೆ ಪುಸ್ತಕದ ಹುಚ್ಚು ಅಂತ ಬೀದಿಯವರು ಹೇಳ್ತಾರೆ. ಹೇಳ್ಲಿ ಬಿಡಿ. ಹುಚ್ಚು ಇಲ್ಲ ಅಂತ ನಾನೇನೂ ವಾದ ಮಾಡಲ್ಲ. ಆದ್ರೆ ಅದು ಪುಸ್ತಕದ್ದಲ್ಲ. ನಿಮ್ಮ ತಂಗಿ ಹೋಗೋಕೆ ಮುಂಚೆ ನನ್ನ ಹತ್ರ ಏನೋ ಕೇಳಿದಳು. ಏನು ಅಂತ ಇವತ್ತಿಗೂ ತಿಳಿದಿಲ್ಲ. ಗಂಟಲಿಗೆ ಆಪರೇಷನ್ ಆಗಿ ದನಿ ಹೋಯ್ತಲ್ಲ, ಆಮೇಲೆ ಅವಳ ಹತ್ರ ಉಳಿದದ್ದು ಬೆರಳು ಮಾತ್ರ. ಬರಿ ಅಂದ್ರೆ ಬರೀತಿರಲಿಲ್ಲ, ಕೈ ನಡುಗೋದು, ಸಿಟ್ಟು ಬರೋದು, ಪೆನ್ಸಿಲ್ ಎಸೆಯೋಳು. ಒಂದಿನ ಮಧ್ಯಾಹ್ನ ಚೀನಾ ತಾತನ ಪುಸ್ತಕ ತೊಡೆ ಮೇಲೆ ಇಟ್ಕೊಂಡು, ನನ್ನ ಮುಖಾನೇ ನೋಡ್ತಾ, ರಟ್ಟಿನ ಮೇಲೆ ಮೂರು ಸಲ ತಟ್ಟಿದಳು. ನಮ್ಮ ಕೆಲಸದಲ್ಲಿ ಒಂದು ತಟ್ಟಿದ್ರೆ ಇಂಗ್ಲಿಷಿನ ದೊಡ್ಡ ಅಕ್ಷರ. ಎರಡು ತಟ್ಟಿದ್ರೆ ಓರೆ ಅಕ್ಷರ. ಮೂರು ತಟ್ಟಿದ್ರೆ ‘ಈ ಪ್ರತಿ ಅಲ್ಲ, ಬೇರೆ ಪ್ರತಿ ತನ್ನಿ’ ಅಂತ. ಸರಿ, ಇದೇ ತಾತನನ್ನ ಇನ್ನೊಬ್ಬ ಪಾದ್ರಿ ಇಂಗ್ಲಿಷಿಗೆ ತಂದಿದ್ದು ಇತ್ತು, ಹುಡುಕಿ ತಂದು ಕೊಟ್ಟೆ. ಅದನ್ನ ತಿರುವಿಯೂ ನೋಡಲಿಲ್ಲ. ಮತ್ತೆ ಮೂರು ತಟ್ಟು. ಮತ್ತೆ ಹೋದೆ. ಅವಳ ಉಸಿರು ನಿಂತಾಗ ನಾನು ಹಳೇ ಪುಸ್ತಕದ ಅಂಗಡೀಲಿ ಏಣಿ ಮೇಲಿದ್ದೆ ಅಕ್ಕ. ಕೈ ತುಂಬ ಧೂಳು. ಅವತ್ತಿಂದ ತರ್ತಾನೇ ಇದೀನಿ. ಅವಳೂ ತಟ್ತಾನೇ ಇದಾಳೆ. ಇನ್ನು ಒಂದೇ ಪುಸ್ತಕ ಬಾಕಿ ಇದೆ, ಅದೊಂದು ಸಿಕ್ಕಿಬಿಟ್ರೆ ಸಾಕು. ಅಷ್ಟರವರೆಗೆ ಈ ಕಣ್ಣು ಉಳೀಬೇಕು, ಅಷ್ಟೆ.”

ಒಂದೇ ಸಲಕ್ಕೆ ಇಷ್ಟು ಮಾತನ್ನು ಅವರು ಆಡಿದ್ದು ಅದೇ ಮೊದಲು. ನನ್ನ ತಂಗಿಯ ಗಂಡ ಮಾತಿನ ಮನುಷ್ಯನಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ, ಅದಕ್ಕೂ ಮೀರಿದರೆ ಒಂದು ನಗು. ಅವರು ಕೆಲಸ ಮಾಡುತ್ತಿದ್ದ ಅಚ್ಚುಕೂಟದಲ್ಲಿ ಎಲ್ಲರೂ ಅವರನ್ನು ಕಣ್ಣಯ್ಯ ಎಂದು ಕರೆಯುತ್ತಿದ್ದರು. ಅಚ್ಚಾಗುವ ಮೊದಲು ಹಾಳೆಯ ಮೇಲಿನ ತಪ್ಪು ಹುಡುಕಿ ತಿದ್ದುವುದು ಅವರ ಕೆಲಸ. ನನ್ನ ತಂಗಿ ಅವರ ಎದುರು ಕೂತು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳುವವಳು. ಅವಳು ದನಿಯಮ್ಮ. ಇಬ್ಬರನ್ನೂ ಸೇರಿಸಿದರೆ ಒಬ್ಬ ಪೂರ್ತಿ ಮನುಷ್ಯ ಆಗುತ್ತಾನೆ ಎಂದು ಅಚ್ಚಿನ ಮೊಳೆ ಜೋಡಿಸುವವರು ನಗಾಡುತ್ತಿದ್ದರಂತೆ.

ನಾವು ಇರುವುದು ಕೊಡೆ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮರದ ಮೆಟ್ಟಿಲು ಹತ್ತಿದರೆ ಎಡಕ್ಕೆ ನನ್ನ ಕೋಣೆ, ಬಲಕ್ಕೆ ಅವರದು. ನಡುವೆ ಒಂದು ಹಲಗೆಯ ಗೋಡೆ. ನನ್ನ ಗಂಡ ತೀರಿಕೊಂಡ ಮೇಲೆ ತಂಗಿಯೇ ಹಟ ಮಾಡಿ ನನ್ನನ್ನು ಇಲ್ಲಿಗೆ ಕರೆತಂದಳು. ನಾನು ದರ್ಜಿಯೊಬ್ಬನಿಗೆ ಬಸ್ ಕಂಪನಿಯವರ ಸಮವಸ್ತ್ರದ ಅಂಚು ಮಡಿಸಿ ಹೊಲಿದು ಕೊಡುತ್ತೇನೆ. ಈ ಕೆಲಸದಲ್ಲಿ ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ಗೋಡೆಯ ಆಚೆ ಸೂಜಿ ಬಿದ್ದರೂ ನನಗೆ ತಿಳಿಯುತ್ತದೆ.

ಅವರಿಬ್ಬರದು ಹೇಗೆ ಶುರುವಾಯಿತು ಎಂದು ತಂಗಿ ನನಗೆ ಎಷ್ಟೋ ಸಲ ಹೇಳಿದ್ದಾಳೆ. ತಿದ್ದುವ ಕೋಣೆ ಎಂದರೆ ಅಚ್ಚಿನ ಯಂತ್ರಗಳ ಹಿಂದೆ ಗಾಜು ಹಾಕಿದ ಒಂದು ಗೂಡು. ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಮೇಲೊಂದು ದೀಪ. ಅಲ್ಲಿ ಓದುವುದನ್ನು ಬಿಟ್ಟು ಬೇರೆ ಮಾತಾಡಿದರೆ ಮೇಸ್ತ್ರಿ ಗಾಜು ಕುಟ್ಟುತ್ತಿದ್ದ. ತಂಗಿ ಕೆಲಸಕ್ಕೆ ಸೇರಿದಾಗ ಮೊದಲು ಕೊಟ್ಟದ್ದು ಒಂದು ಹಳೆಯ ಇಂಗ್ಲಿಷ್ ಪುಸ್ತಕದ ಮರುಮುದ್ರಣ. ಚೀನಾ ದೇಶದ ಪುರಾತನ ಗುರು ಕನ್‌ಫ್ಯೂಶಿಯಸ್ ಎಂಬಾತ ಶಿಷ್ಯರಿಗೆ ಹೇಳಿದ ಮಾತುಗಳು. ಯಾರೋ ಪಾದ್ರಿ ಹಡಗಿನಲ್ಲಿ ಹೋಗಿ, ಆ ಭಾಷೆ ಕಲಿತು, ಇಂಗ್ಲಿಷಿಗೆ ತಂದದ್ದು. ಮನೆಯಲ್ಲಿ ನಾವೆಲ್ಲ ಅವನನ್ನು ಚೀನಾ ತಾತ ಎಂದೇ ಕರೆದದ್ದು. ಅಷ್ಟುದ್ದದ ಹೆಸರಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ.

ಓದಿ ಹೇಳುವುದೆಂದರೆ ಕತೆ ಓದಿದ ಹಾಗಲ್ಲ. ಕಾಮಾ ಬಂದರೆ ‘ಕಾಮಾ’ ಎನ್ನಬೇಕು, ಫುಲ್‌ಸ್ಟಾಪ್ ಬಂದರೆ ‘ಫುಲ್‌ಸ್ಟಾಪ್’ ಎನ್ನಬೇಕು. ದೊಡ್ಡ ಅಕ್ಷರಕ್ಕೆಲ್ಲ ಬಾಯಿ ಖರ್ಚು ಮಾಡುವ ಬದಲು ಬೆರಳ ಗೆಣ್ಣಿನಿಂದ ಮೇಜು ತಟ್ಟುವುದು. ಆ ಗೂಡಿನಲ್ಲಿ ಅವರಿಬ್ಬರ ನಡುವೆ ಮೊದಲ ವರ್ಷ ಓಡಾಡಿದ ಮಾತೆಲ್ಲ ತಾತನದು. ಸ್ವಂತದ್ದು ಒಂದೂ ಇಲ್ಲ. ಅಪ್ಪ ಅಮ್ಮನನ್ನು ಹೇಗೆ ನೋಡಿಕೊಳ್ಳಬೇಕು, ಗೆಳೆಯ ಎಂದರೆ ಯಾರು, ಸತ್ತವರಿಗಾಗಿ ಹೇಗೆ ದುಃಖಪಡಬೇಕು, ಬರೀ ಇಂಥದ್ದು. ತಂಗಿ ಒಂದು ದಿನ ಬೇಕೆಂದೇ, ಎಲ್ಲಿಯೂ ದೊಡ್ಡ ಅಕ್ಷರ ಇಲ್ಲದ ಕಡೆ ಟಕ್ ಎಂದು ತಟ್ಟಿದಳಂತೆ.

“ಅವರು ಹಾಳೆಯಿಂದ ತಲೆ ಎತ್ತಿ ನನ್ನನ್ನ ನೋಡಿದ್ದು ಅವತ್ತೇ ಮೊದಲು ಅಕ್ಕ,” ಎಂದಿದ್ದಳು. “ಅಲ್ಲೀತನಕ ನನ್ನ ಮುಖ ಹೇಗಿದೆ ಅಂತಾನೇ ಅವರಿಗೆ ಗೊತ್ತಿರಲಿಲ್ಲ.”

“ಏನಂದ್ರು?”

“‘ಇಲ್ಲಿ ದೊಡ್ಡ ಅಕ್ಷರ ಇಲ್ಲವಲ್ಲ’ ಅಂದ್ರು. ನಾನು, ‘ಇಲ್ಲ, ಸುಮ್ನೆ’ ಅಂದೆ. ಕಿವಿ ಕೆಂಪಾಯ್ತು ನೋಡು, ಮೆಣಸಿನಕಾಯಿ ಹಾಗೆ.”

“ನಿಂದಾ, ಅವರದಾ?”

“ಅವರದ್ದೇ. ನಾಚಿಕೆ ನನಗೆಲ್ಲಿಂದ ಬರಬೇಕು.”

ಮದುವೆಯಾದ ಮೇಲೂ ಆ ಭಾಷೆ ಹಾಗೆಯೇ ಉಳಿಯಿತು. ಜಗಳ ಆಡುವಾಗ ತಂಗಿ, ‘ಇನ್ನು ಒಂದು ಮಾತು ಆಡಿದ್ರೆ ನೋಡಿ, ಫುಲ್‌ಸ್ಟಾಪ್’ ಎನ್ನುತ್ತಿದ್ದಳು. ಅವರು ಮೆಲ್ಲಗೆ ‘ಕಾಮಾ’ ಎನ್ನುತ್ತಿದ್ದರು. ಅಲ್ಲಿಗೆ ಜಗಳ ನಗುವಾಗುತ್ತಿತ್ತು. ತಟ್ಟಿ ತಟ್ಟಿ ತಂಗಿಯ ಗೆಣ್ಣಿನ ಚರ್ಮ ದಪ್ಪಗಟ್ಟಿತು. ನೋಡಲಾರದೆ, ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ನನ್ನ ತಗಡಿನ ಟೋಪಿಯನ್ನು ಅವಳಿಗೆ ಕೊಟ್ಟೆ. ಆಮೇಲೆ ಅವಳು ತಟ್ಟಿದ್ದೆಲ್ಲ ಅದರಿಂದಲೇ. ಸದ್ದು ಟಿಣ್ ಎಂದು ತೆಳ್ಳಗೆ ಬರುತ್ತಿತ್ತು.

ಇಲ್ಲೊಂದು ವಿಷಯ ಹೇಳಬೇಕು. ಕಣ್ಣಯ್ಯ ಗಟ್ಟಿಯಾಗಿ ಓದುವವರಲ್ಲ. ಬೇರೆ ಜೋಡಿಗಳು ಗಂಟಲು ಒಣಗಿದಾಗ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಇವರು ಮಾತ್ರ ಎಂದೂ ಒಪ್ಪಲಿಲ್ಲ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಎದ್ದು ನಿಂತು ಓದಿದಾಗ ದನಿ ಒಡೆದು, ತರಗತಿಯೆಲ್ಲ ‘ಕಾ ಕಾ’ ಎಂದು ಕೂಗಿತಂತೆ. ಅವರ ಅಪ್ಪ ಅಂಗಡಿಗಳ ಬೋರ್ಡು ಬರೆಯುವವನು. ಅವನ ಬಣ್ಣದ ಡಬ್ಬ ಹಿಡಿದುಕೊಂಡು ಬೀದಿ ಬೀದಿ ಸುತ್ತಿ, ಬಾಯಿ ಮುಚ್ಚಿಕೊಂಡು ಅಕ್ಷರ ನೋಡುವುದನ್ನು ಕಲಿತ ಹುಡುಗ. ಆ ಕಾಗೆಯ ದನಿಯನ್ನು ಯಾರಿಗೂ ಕೇಳಿಸಬಾರದೆಂದು ಆಯುಷ್ಯವಿಡೀ ನುಂಗಿಕೊಂಡೇ ಬಂದರು. ತಂಗಿಗೆ ಇದು ಗೊತ್ತಿತ್ತು. ಅವಳು ಜ್ವರದಲ್ಲೂ ಓದಿದಳೇ ಹೊರತು, ‘ಇವತ್ತು ನೀವು ಓದಿ’ ಎಂದು ಒಂದು ದಿನವೂ ಕೇಳಲಿಲ್ಲ.

ಗಂಟಲಿನ ಕಾಯಿಲೆ ಬಂದದ್ದು ಅಚ್ಚುಕೂಟ ಮುಚ್ಚಿದ ಮೇಲೆ. ಅದರ ವಿವರ ಬರೆಯಲು ನನಗೆ ಇಷ್ಟವಿಲ್ಲ. ಬೆಳಗಿನ ಹೊತ್ತು ಅವಳ ಹತ್ತಿರ ನಾನು ಕೂರುತ್ತಿದ್ದೆ, ಮಧ್ಯಾಹ್ನದ ಮೇಲೆ ಅವರು. ಹಾಗಾಗಿ ಅವರು ಹೇಳಿದ ಆ ಮೂರು ತಟ್ಟನ್ನು ನಾನು ನೋಡಿಲ್ಲ. ನನ್ನ ಹತ್ತಿರ ಅವಳು ಮಾಡುತ್ತಿದ್ದುದೇ ಬೇರೆ. ತೋಳು ಹಿಡಿದು ಎಳೆದು, ತನ್ನ ಕಿವಿ ಮುಟ್ಟಿ ತೋರಿಸುವಳು. ಮಾತಾಡು ಎಂದು ಅರ್ಥ. ನಾನು ಕೆಳಗಿನ ಕೊಡೆಯವನ ಹೆಂಡತಿಯ ಸುದ್ದಿ, ದರ್ಜಿಯ ಅಳಿಯ ಅಳತೆ ತಪ್ಪಿ ಡ್ರೈವರನ ಪ್ಯಾಂಟನ್ನು ಕಂಡಕ್ಟರನಿಗೆ ಹೊಲಿದ ಸುದ್ದಿ, ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಕೇಳುವಳು. ನಿಲ್ಲಿಸಿದರೆ ಮತ್ತೆ ಕಿವಿ ಮುಟ್ಟುವಳು.

ಅವಳು ಹೋದ ಮೇಲೆ ಕಣ್ಣಯ್ಯ ಪುಸ್ತಕ ತರುವುದನ್ನು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ಅದು ಹೆಚ್ಚಾಯಿತು. ಆ ತಾತನನ್ನು ಇಂಗ್ಲಿಷಿಗೆ ತಂದವರು ಒಬ್ಬಿಬ್ಬರಲ್ಲವಂತೆ. ಪಾದ್ರಿಗಳು, ಅಧಿಕಾರಿಗಳು, ವ್ಯಾಪಾರಕ್ಕೆ ಹೋಗಿ ಅಲ್ಲೇ ಉಳಿದವರು. ತಾತನ ಮಾತಿನ ಪುಸ್ತಕ ಒಂದು, ಅವನ ಶಿಷ್ಯರ ಶಿಷ್ಯರದ್ದು ಇನ್ನೊಂದು, ಹಿರಿಯರ ಸೇವೆಯದ್ದು ಮತ್ತೊಂದು. ಚಿನ್ನದ ಅಂಚಿನದು, ರಟ್ಟು ಕಳಚಿದ್ದು, ಮೇಲೆ ಚೀನೀ ಅಕ್ಷರ, ನಡುವೆ ಇಂಗ್ಲಿಷು, ಕೆಳಗೆ ಇರುವೆ ಸಾಲಿನಂಥ ಟಿಪ್ಪಣಿ. ಕೆಲವು ಪುಸ್ತಕಗಳಲ್ಲಿ ಜೋಡಿಯಾಗಿ ಮಡಿಸಿದ್ದ ಹಾಳೆಯ ಅಂಚನ್ನು ಯಾರೂ ಕತ್ತರಿಸಿಯೇ ಇರಲಿಲ್ಲ. ಇಷ್ಟು ವರ್ಷ ಯಾರೂ ಓದಿಲ್ಲ ಎಂದರ್ಥ. ಅವನ್ನು ಅವರು ನನ್ನ ಹತ್ತಿರ ತಂದು, ‘ಅಕ್ಕ, ಹೊಲಿಗೆ ಬಿಚ್ಚೋ ಚಾಕು ಕೊಡಿ’ ಎಂದು ಕೇಳಿ, ನನ್ನ ಮೇಜಿನ ಮೇಲೆಯೇ ಮೆಲ್ಲಗೆ ಬಿಡಿಸುತ್ತಿದ್ದರು. ನುಸಿಗುಳಿಗೆಯ ವಾಸನೆ ಗೋಡೆ ದಾಟಿ ನನ್ನ ಬಟ್ಟೆಗೂ ಹತ್ತಿತು.

“ಎಲ್ಲಾ ಒಂದೇ ಮಾತಲ್ವಾ? ಯಾಕಿಷ್ಟು?” ಎಂದು ಒಮ್ಮೆ ಕೇಳಿದೆ.

“ಒಂದೇ ಮೈ ಅಕ್ಕ, ಅಂಗಿ ಬೇರೆ ಬೇರೆ. ತಾತ ಒಂದು ಪದ ಹೇಳಿರ್ತಾನೆ. ಒಬ್ಬ ಅದಕ್ಕೆ ದಯೆ ಅಂತಾನೆ. ಇನ್ನೊಬ್ಬ ಒಳ್ಳೇತನ ಅಂತಾನೆ. ಮತ್ತೊಬ್ಬ ಮನುಷ್ಯತ್ವ ಅಂತಾನೆ. ಯಾವುದು ತಾತನ ಮೈಗೆ ಸರಿಯಾಗಿ ಕೂರುತ್ತೆ ಅಂತ ತಾತನನ್ನೇ ಕೇಳಬೇಕು.”

“ಎಲ್ಲೋ ಬಿಗಿ ಆಗಿದ್ರೆ ಹೇಳಿ, ಬಿಚ್ಚಿ ಹೊಲಿದು ಕೊಡ್ತೀನಿ,” ಎಂದೆ. ನಕ್ಕರು. ಆ ಕಾಲದಲ್ಲಿ ಅವರು ನಕ್ಕದ್ದು ಕಡಿಮೆ.

ಪುಸ್ತಕ ಹೆಚ್ಚಾಗಿ ತಂದುಕೊಡುತ್ತಿದ್ದವನು ರದ್ದಿಯವನು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಕೆಳಗೆ ಗಾಡಿ ನಿಲ್ಲಿಸಿ ಅಲ್ಲಿಂದಲೇ ಕೂಗುತ್ತಿದ್ದ.

“ಸಾರ್, ನಿಮ್ಮ ತಾತ ಮತ್ತೆ ಸಿಕ್ಕಿದಾರೆ. ಈ ಸಲ ಗಡ್ಡ ಸ್ವಲ್ಪ ಹುಳ ತಿಂದಿದೆ.”

“ಮೇಲೆ ತಾರಯ್ಯ, ಬೀದೀಲಿ ಯಾಕೆ ಮಾನ ಕಳೀತೀಯ,” ಎಂದು ನಾನು ಕಿಟಕಿಯಿಂದ ಗದರಿಸುವುದು.

“ಅಮ್ಮಾ, ನಮ್ಮ ಸ್ವಂತ ತಾತನ ಫೋಟೋ ಒಂದೂ ಇಲ್ಲ ಮನೇಲಿ. ಇವರ ಮನೇಲಿ ಚೀನಾ ತಾತನಿಗೆ ಒಂದು ಗೋಡೆ. ಹೊಟ್ಟೆ ಉರಿಯಲ್ವಾ ನಮ್ಮ ತಾತನಿಗೆ?”

ಬೀದಿಗೆ ಇದೊಂದು ತಮಾಷೆ. ಗೋಡೆಯ ಈಚೆ ಕೂತ ನನಗೆ ತಮಾಷೆ ಉಳಿದಿರಲಿಲ್ಲ.

ತಂಗಿ ಹೋದ ಮೇಲೆ ಬೆರಳಿನ ಟೋಪಿ ನನ್ನ ಹತ್ತಿರವೇ ವಾಪಸ್ ಬಂದಿತ್ತು. ಅದನ್ನು ಹಾಕಿಕೊಂಡೇ ಹೊಲಿಯುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಕಣ್ಣಯ್ಯ ಆಚೆ ಕೋಣೆಯಲ್ಲಿ ಮೇಜಿನ ಮುಂದೆ ಕೂರುವುದು ಕುರ್ಚಿಯ ಸದ್ದಿನಿಂದ ತಿಳಿಯುತ್ತಿತ್ತು. ಹಾಳೆ ತಿರುವುವ ಸದ್ದು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಟಕ್, ಟಕ್, ಟಕ್.

ಮೊದಲು ನನ್ನ ಬೆರಳೇ ಮೇಜಿಗೆ ತಾಗುತ್ತಿದೆ ಎಂದುಕೊಂಡೆ. ಟೋಪಿ ತೆಗೆದು ಮಡಿಲಲ್ಲಿಟ್ಟು ಕೂತೆ. ಮತ್ತೆ ಬಂತು. ಆಮೇಲೆ, ಪಾಪ, ಅವರೇ ತಟ್ಟಿಕೊಳ್ಳುತ್ತಾರೆ, ನೆನಪಿಗೆ ಹಾಗೆ ಮಾಡುತ್ತಾರೆ ಎಂದು ಸಮಾಧಾನ ಹೇಳಿಕೊಂಡೆ. ಎಷ್ಟೋ ಕಾಲ ಆ ಸಮಾಧಾನದಲ್ಲಿಯೇ ಇದ್ದೆ. ಒಂದು ಮಧ್ಯಾಹ್ನ ಚಹಾ ತೆಗೆದುಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ಅವರು ಬೆನ್ನು ಬಗ್ಗಿಸಿ ಕೂತಿದ್ದರು. ಒಂದು ಕೈಯಲ್ಲಿ ಸಾಲಿನ ಕೆಳಗೆ ಹಿಡಿದ ಅಳತೆಪಟ್ಟಿ, ಇನ್ನೊಂದು ಕೈಯಲ್ಲಿ ಪೆನ್ಸಿಲು. ಎರಡು ಕೈಯೂ ನನಗೆ ಕಾಣುತ್ತಿತ್ತು. ಎದುರಿನ ಕುರ್ಚಿ ಖಾಲಿ. ಬಿಸಿಲು ಕುರ್ಚಿಯ ಮೇಲೆ ಬಿದ್ದಿತ್ತು. ಆಗ ತಟ್ಟಿತು, ಮೂರು ಸಲ, ಮೇಜಿನ ಆಚೆ ಬದಿಯಿಂದ.

ಟಿಣ್ ಎಂಬ ತಗಡಿನ ಸದ್ದಾಗಿರಲಿಲ್ಲ ಅದು. ಬರೀ ಗೆಣ್ಣಿನದು. ಟೋಪಿ ನನ್ನ ಬೆರಳಲ್ಲಿತ್ತಲ್ಲ.

ಅವರು ತಲೆ ಎತ್ತಲಿಲ್ಲ. ಪುಸ್ತಕ ಮುಚ್ಚಿ, “ಇದೂ ಅಲ್ವಂತೆ,” ಎಂದು ಸಣ್ಣಗೆ ಹೇಳಿ, ಕಪಾಟಿನಲ್ಲಿ ಉಳಿದವುಗಳ ಪಕ್ಕಕ್ಕೆ ಸೇರಿಸಿದರು. ಚಹಾ ಮೇಜಿನ ಮೇಲಿಟ್ಟು ಬಂದೆ. ಯಾರಿಗೂ ಹೇಳಲಿಲ್ಲ. ನನ್ನ ತಂಗಿ ನನ್ನನ್ನು ಹೆದರಿಸುವವಳಲ್ಲ ಎಂದು ಮನಸ್ಸಿಗೆ ಹೇಳಿದೆ, ಮೈ ಕೇಳಬೇಕಲ್ಲ. ಅವತ್ತಿನಿಂದ ಮಧ್ಯಾಹ್ನ ಕೂರುವಾಗ ಗೋಡೆಗೆ ಬೆನ್ನು ಕೊಡುವುದನ್ನು ಬಿಟ್ಟೆ.

ಕಣ್ಣಿನ ತೊಂದರೆ ಶುರುವಾದದ್ದು ಆಮೇಲೆ. ವೈದ್ಯೆ ದೀಪ ಬಿಟ್ಟು ನೋಡಿ, ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದುಹೋಗುತ್ತಿದೆ, ಕನ್ನಡಕಕ್ಕೆ ಬಗ್ಗುವುದಿಲ್ಲ, ಹೋದದ್ದು ಬರುವುದಿಲ್ಲ ಎಂದಳು. ನಾನೂ ಜೊತೆಗಿದ್ದೆ.

“ನೋಡಿದ ಅಕ್ಷರ ಮಾಯ ಆಗುತ್ತೆ ಡಾಕ್ಟ್ರೇ,” ಎಂದರು ಕಣ್ಣಯ್ಯ. “ನೋಡದೇ ಇರೋ ಅಕ್ಷರ ಸುತ್ತ ಇರುತ್ತೆ. ಅದಕ್ಕೆ ಆಸೆಪಟ್ಟು ತಿರುಗಿದ್ರೆ ಅದೂ ಮಾಯ.”

“ಹಾಗೇ ಆಗುತ್ತೆ. ಓರೆಯಾಗಿ ನೋಡೋದು ಅಭ್ಯಾಸ ಮಾಡಿ. ಓದೋ ಆಸೆ ಇದ್ರೆ ಬೇಗ ಓದ್ಕೊಳ್ಳಿ.”

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತರು. ಮೇಲೆ ಹತ್ತಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ನಾನು ಶುರುವಿನಲ್ಲಿ ಬರೆದ ಆ ಮಾತನ್ನೆಲ್ಲ ಅವರು ಹೇಳಿದ್ದು ಆಗಲೇ, ಮೂರು ತಟ್ಟಿನ ಸಂಗತಿ. ನನಗೆ ಕೇಳಿಸುತ್ತದೆಯೇ ಎಂದು ಅವರು ಕೇಳಲಿಲ್ಲ. ಕೇಳಿಸುತ್ತದೆ ಎಂದು ನಾನೂ ಹೇಳಲಿಲ್ಲ. ಕೊಡೆಯವನು ಒಳಗೆ ಕೊಡೆಯ ಕಡ್ಡಿ ಬಡಿಯುತ್ತಿದ್ದ ಸದ್ದಿಗೇ ಇಬ್ಬರೂ ಒಟ್ಟಿಗೆ ಬೆಚ್ಚಿದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟು ಸಾಕಾಯಿತು.

ಬಾಕಿ ಇದ್ದ ಪುಸ್ತಕ ಯಾವುದೋ ಬಂದರಿನ ಊರಲ್ಲಿ ಸ್ವಲ್ಪವೇ ಪ್ರತಿ ಅಚ್ಚಾದದ್ದಂತೆ. ಅದನ್ನು ಕಂಡವರೇ ಕಡಿಮೆ. ಕಣ್ಣಯ್ಯ ಗೊತ್ತಿದ್ದ ಅಂಗಡಿಗಳಿಗೆಲ್ಲ ಹೇಳಿಟ್ಟಿದ್ದರು. ಕಾಯುವುದೇ ಕೆಲಸವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಕ್ಯಾಲೆಂಡರಿನ ಮುಂದೆ ನಿಂತು, ಯಾವ ಅಂಕಿ ಇವತ್ತು ಮಾಯವಾಯಿತು ಎಂದು ನೋಡಿಕೊಳ್ಳುವರು. ಮೆಟ್ಟಿಲಲ್ಲಿ ಹೆಜ್ಜೆ ಕೇಳಿದರೆ ಎದ್ದು ನಿಲ್ಲುವರು. ನಾನು ಪ್ರಾರ್ಥನೆ ಹೆಚ್ಚು ಮಾಡುವವಳಲ್ಲ. ಆ ದಿನಗಳಲ್ಲಿ ಚೀನಾ ತಾತನಿಗೇ ಕೈ ಮುಗಿದೆ, ಎಲ್ಲಿದ್ದರೂ ಬಂದುಬಿಡಪ್ಪ ಎಂದು.

ಬಂದ. ರದ್ದಿಯವನೇ ತಂದ. ಈ ಸಲ ಕೆಳಗಿನಿಂದ ಕೂಗಲಿಲ್ಲ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಬಟ್ಟೆಯಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಕೊಟ್ಟ.

“ಸತ್ತುಹೋದ ಮೇಷ್ಟ್ರೊಬ್ಬರ ಮನೆ ಖಾಲಿ ಮಾಡ್ತಿದ್ರು ಸಾರ್. ತಾತ ಬಾಗಿಲ ಸಂದೀಲಿದ್ರು, ಬಾಗಿಲು ಬಡ್ಕೋಬಾರದು ಅಂತ ಇಟ್ಟಿದ್ರು. ಇವರೇನಾ ನೋಡಿ.”

ಸಣ್ಣ ಪುಸ್ತಕ. ಬೂದು ರಟ್ಟು, ಒಂದು ಮೂಲೆ ಬಾಗಿಲಿಗೆ ಸಿಕ್ಕಿ ಸಪ್ಪಟೆಯಾಗಿತ್ತು. ಕಣ್ಣಯ್ಯ ಅದನ್ನು ಕಿವಿಯ ಹತ್ತಿರ ಹಿಡಿದು, ಕೋಳಿ ನೋಡುವ ಹಾಗೆ ಕತ್ತು ಓರೆ ಮಾಡಿ, ಹೆಸರು ಓದಿದರು. “ಇವರೇ,” ಎಂದರು. ರದ್ದಿಯವನು ತಮಾಷೆ ಮಾಡದೆ ಇಳಿದು ಹೋದ.

ಮಧ್ಯಾಹ್ನ ಅವರು ಮುಖ ತೊಳೆದು, ಬೇರೆ ಅಂಗಿ ಹಾಕಿಕೊಂಡು ಮೇಜಿನ ಮುಂದೆ ಕೂತರು. ನಾನು ಈಚೆ ಕೂತೆ. ಸೂಜಿಗೆ ದಾರ ಪೋಣಿಸಲಿಲ್ಲ. ಹಾಳೆ ಒಂದು ತಿರುಗಿತು. ಇನ್ನೊಂದು ತಿರುಗಿತು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿ ಹೋದರು.

ಟಕ್, ಟಕ್, ಟಕ್.

ಆಮೇಲೆ ಆಚೆಯಿಂದ ಏನೂ ಸದ್ದಿಲ್ಲ. ಪುಸ್ತಕ ಮುಚ್ಚಿದ ಸದ್ದೂ ಇಲ್ಲ. ಕಾದು ಕಾದು ನಾನೇ ಎದ್ದು ಹೋದೆ. ಹೊಲಿಯುತ್ತಿದ್ದ ಸಮವಸ್ತ್ರವನ್ನೂ ತೋಳ ಮೇಲೆ ಹಾಕಿಕೊಂಡು ಹೋದೆ, ಸುಮ್ಮನೆ ಬಂದೆ ಎಂದು ಕಾಣಲಿ ಎಂದು. ಅವರು ಕೈ ಎರಡನ್ನೂ ಪುಸ್ತಕದ ಮೇಲೆ ಚೆಲ್ಲಿ ಕೂತಿದ್ದರು.

“ಮುಗೀತು ಅಕ್ಕ,” ಎಂದರು. “ಇನ್ನು ಎಲ್ಲಿಂದ ತರ್ಲಿ. ಕಣ್ಣೂ ಇಲ್ಲ, ಪುಸ್ತಕವೂ ಇಲ್ಲ. ಅವಳು ತಟ್ತಾ ಇರ್ತಾಳೆ, ನಾನು ಕೇಳ್ತಾ ಇರ್ತೀನಿ. ಸಾಯೋವರೆಗೂ ಇಷ್ಟೇ.”

ಎದುರಿನ ಕುರ್ಚಿಯಲ್ಲಿ ಕೂರಲು ಧೈರ್ಯವಾಗಲಿಲ್ಲ. ಮಂಚದ ಅಂಚಿಗೆ ಕೂತೆ. ಅವರನ್ನು ಮಾತಿಗೆ ಎಳೆಯಬೇಕು, ಅಷ್ಟೇ ನನ್ನ ಯೋಚನೆ.

“ಏನು ಬರೆದಿದೆ ಅದರಲ್ಲಿ? ಎರಡು ಸಾಲು ಓದಿ, ಕೇಳೋಣ.”

“ನಾನಾ?”

“ಮತ್ತೆ ರದ್ದಿಯವನನ್ನ ಕರೀಲಾ?”

“ನಾನು ಓದಲ್ಲ ಅಕ್ಕ. ನಿಮಗೆ ಗೊತ್ತಲ್ಲ. ಅವಳ ಮುಂದೆ ಕೂಡ ಒಂದಿನ ಓದಿದವನಲ್ಲ.”

“ಒಂದಿನವೂ?”

“ಒಂದಿನವೂ. ಅವಳು ಓದೋಳು, ನಾನು ಕೇಳೋನು.”

ಆ ಮಾತು ಕೇಳಿದಾಗ ನನ್ನ ಕೈ ತಾನಾಗಿಯೇ ಕಿವಿಗೆ ಹೋಯಿತು. ತಂಗಿ ಹಾಸಿಗೆಯಲ್ಲಿ ಮಾಡುತ್ತಿದ್ದ ಹಾಗೆ.

“ನನ್ನ ಹತ್ರ ಅವಳು ಹೀಗೆ ಮಾಡೋಳು,” ಎಂದೆ. “ದನಿ ಹೋದ ಮೇಲೆ. ದಿನಾ ಬೆಳಿಗ್ಗೆ. ಕಿವಿ ಮುಟ್ಟೋಳು, ನಾನು ಮಾತಾಡಬೇಕು. ನಿಲ್ಲಿಸಿದ್ರೆ ಬಿಡ್ತಿರಲಿಲ್ಲ. ಜೀವಮಾನವೆಲ್ಲ ಊರಿಗೇ ಓದಿ ಹೇಳಿದವಳು. ಅವಳಿಗೆ ಯಾರು ಓದಿ ಹೇಳಿದ್ರು?”

ಕಣ್ಣಯ್ಯ ನನ್ನ ಕಡೆ ತಿರುಗಿದರು. ನೇರ ನೋಡಿದರೆ ಮುಖ ಕಾಣದಲ್ಲ, ನನ್ನ ಭುಜದ ಆಚೆ ನೋಡುತ್ತ ನನ್ನ ಮುಖವನ್ನು ಕಣ್ಣಂಚಿನಲ್ಲಿ ಹಿಡಿದರು.

“ನನ್ನ ಹತ್ರ ಕಿವಿ ಮುಟ್ಟಲಿಲ್ಲ,” ಎಂದರು.

“ನೀವು ಓದಲ್ಲ ಅಂತ ಅವಳಿಗೆ ಗೊತ್ತಿತ್ತಲ್ಲ. ಹೇಗೆ ಕೇಳ್ತಾಳೆ? ಪುಸ್ತಕ ಮುಂದಿಟ್ಟು ತಟ್ಟಿದಳು. ನೀವು ಬೇರೆ ಪ್ರತಿ ಬೇಕು ಅಂದ್ಕೊಂಡು ಎದ್ದು ಅಂಗಡಿಗೆ ಹೋದ್ರಿ.” ಸಮವಸ್ತ್ರವನ್ನು ತೊಡೆಯ ಮೇಲೆ ಮಡಿಸುತ್ತ, “ನನಗೇನು ಗೊತ್ತು. ನನಗೆ ಹಾಗನ್ನಿಸ್ತು, ಅಷ್ಟೆ,” ಎಂದೆ.

ಕೆಳಗೆ ಕೊಡೆಯವನು ಅಂಗಡಿಯ ಮುಂದೆ ನೀರು ಚೆಲ್ಲಿದ. ಆಮೇಲೆ ಅವರು ಬೂದು ರಟ್ಟಿನ ಪುಸ್ತಕವನ್ನು ಪಕ್ಕಕ್ಕೆ ಇಟ್ಟು, ಕಪಾಟಿನ ಹತ್ತಿರ ಹೋಗಿ, ಬೆರಳಿನಿಂದ ತಡವುತ್ತ ಒಂದೊಂದೇ ಬೆನ್ನು ಮುಟ್ಟಿ, ಅದನ್ನು ಎಳೆದರು. ಮೊದಲ ಪುಸ್ತಕ, ಇಬ್ಬರೂ ಸೇರಿ ತಿದ್ದಿದ್ದು, ಅವಳ ತೊಡೆಯ ಮೇಲಿದ್ದದ್ದು. ಇಷ್ಟು ವರ್ಷ ಅದನ್ನು ಅವರು ತೆರೆದದ್ದು ನನಗೆ ಗೊತ್ತಿಲ್ಲ. ಅದು ಸರಿಯಾದ ಪ್ರತಿ ಅಲ್ಲ ಎಂದು ಮೊದಲ ದಿನವೇ ತೀರ್ಮಾನವಾಗಿತ್ತಲ್ಲ.

ಕೂತರು. ಭೂತಗನ್ನಡಿ ಹಿಡಿದರು. ಕತ್ತು ಓರೆ ಮಾಡಿದರು. ಬಾಯಿ ತೆರೆದರೆ ಮೊದಲು ಬರೀ ಗಾಳಿ ಬಂತು. ಕೆಮ್ಮಿದರು. ಆಮೇಲೆ ದನಿ ಬಂತು. ಒಡೆದ ದನಿ, ನಿಜವಾಗಿಯೂ ಕಾಗೆಯದೇ. ಶಾಲೆಯ ಹುಡುಗರು ಸುಳ್ಳು ಹೇಳಿರಲಿಲ್ಲ. ನನಗೆ ಇಂಗ್ಲಿಷು ತಿಳಿಯದು. ನಡುನಡುವೆ ಬರುವ ಎರಡೇ ಪದ ತಿಳಿದವು. ಕಾಮಾ. ಫುಲ್‌ಸ್ಟಾಪ್. ಅವನ್ನೂ ಬಿಡದೆ ಓದಿದರು, ತಂಗಿ ಓದುತ್ತಿದ್ದ ಹಾಗೆಯೇ. ಒಂದು ಸಾಲಿಗೆ ಎಷ್ಟೋ ಹೊತ್ತು ಹಿಡಿಯಿತು. ಅಕ್ಷರ ಜಾರಿಹೋದರೆ ನಿಂತು, ಪಕ್ಕಕ್ಕೆ ನೋಡಿ, ಅದು ವಾಪಸ್ ಬರುವವರೆಗೆ ಕಾದು, ಹಿಡಿದು ಹೇಳುವರು. ಹೊಸ ವಾಕ್ಯ ಶುರುವಾಗುವಾಗಲೆಲ್ಲ ರೂಢಿಯಂತೆ ತಟ್ಟಿಗಾಗಿ ಒಂದು ಕ್ಷಣ ನಿಲ್ಲುವರು. ಮೇಜು ಸುಮ್ಮನಿತ್ತು. ಮುಂದಕ್ಕೆ ಹೋಗುವರು.

ಬಿಸಿಲು ಕುರ್ಚಿಯಿಂದ ಇಳಿದು ನೆಲಕ್ಕೆ ಬರುವವರೆಗೆ ಒಂದು ಪುಟ ಆಯಿತು. ಆ ಹೊತ್ತಿನಲ್ಲಿ ಒಂದು ಸಲವೂ ತಟ್ಟಲಿಲ್ಲ. ನಾನು ಆಗಲೇ ಎದ್ದು ಬಂದೆ. ಗಂಡ ಹೆಂಡತಿಗೆ ಓದುವಾಗ ಅಕ್ಕ ಮಂಚದ ಮೇಲೆ ಯಾಕೆ ಕೂರಬೇಕು.

ಅಲ್ಲಿಂದೀಚೆಗೆ ತಟ್ಟುವ ಸದ್ದು ಕೇಳಿಸಿಲ್ಲ ಎಂದು ಬರೆದರೆ ಓದುವವರಿಗೆ ನೆಮ್ಮದಿ, ಆದರೆ ಸುಳ್ಳು. ಮೂರು ತಟ್ಟು ಮತ್ತೆ ಬರಲಿಲ್ಲ. ಈಗ ಬರುವುದು ಒಂದೇ, ಅದೂ ದಿನಾ ಅಲ್ಲ. ಕಣ್ಣಯ್ಯ ಓದುತ್ತಿರುವಾಗ ಟಕ್ ಎಂದು ಒಂದು, ಮೇಜಿನ ಆಚೆ ಬದಿಯಿಂದ. ನಾನು ಒಂದು ಸಲ ಕೇಳಿಯೇ ಬಿಟ್ಟೆ.

“ಅಲ್ಲಿ ದೊಡ್ಡ ಅಕ್ಷರ ಇತ್ತಾ?”

“ಇರಲಿಲ್ಲ,” ಎಂದರು. ಅವರ ಕಿವಿ ಕೆಂಪಾಗಿತ್ತು.

ಕಣ್ಣು ದಿನದಿನಕ್ಕೆ ಹೋಗುತ್ತಿದೆ. ಪುಟ ಅರ್ಧವಾಗಿದೆ, ಅರ್ಧ ಕಾಲಾಗಿದೆ. ಪೂರ್ತಿ ಹೋದ ಮೇಲೆ ಏನು ಎಂದು ಕೇಳಿದ್ದಕ್ಕೆ, ಅಷ್ಟು ಹೊತ್ತಿಗೆ ಸ್ವಲ್ಪ ಬಾಯಿಪಾಠ ಆಗಿರುತ್ತದೆ ಎಂದರು. ಹೊಸ ಪುಸ್ತಕ ತರುವುದು ನಿಂತಿದೆ. ರದ್ದಿಯವನು ಈಗಲೂ ಒಮ್ಮೊಮ್ಮೆ ಗಾಡಿ ನಿಲ್ಲಿಸಿ ಮೇಲೆ ನೋಡುತ್ತಾನೆ, ಕಿಟಕಿಯಿಂದ ಬರುವ ದನಿ ಕೇಳಿ, “ತಾತನಿಗೆ ನೆಗಡಿ ಆಗಿದೆಯೇನಮ್ಮಾ?” ಎನ್ನುತ್ತಾನೆ.

ಇವತ್ತೂ ಮಧ್ಯಾಹ್ನ ಓದು ಶುರುವಾಗಿದೆ. ನಾನು ಬಕೆಟಿನಲ್ಲಿ ನೆನೆಸಿಟ್ಟಿದ್ದ ಬಟ್ಟೆಯನ್ನು ಹಿಂಭಾಗದ ಹಲಗೆಯ ಜಗುಲಿಗೆ ತಂದೆ. ಅವರದು ಎರಡು ಅಂಗಿ, ನನ್ನದೊಂದು ರವಿಕೆ, ದಿಂಬಿನ ಚೀಲ. ಗೋಡೆಯ ಆಚೆ ಕಾಮಾ ಬಂತು. ಒಂದು ಅಂಗಿಯನ್ನು ಹಿಂಡಿ, ಜೋರಾಗಿ ಕೊಡವಿದರೆ ಅವರ ಮಾತು ತಪ್ಪೀತು ಎಂದು ಮೆಲ್ಲಗೆ ಬಿಡಿಸಿ, ತೋಳು ಕೆಳಗೆ ಮಾಡಿ ಹಗ್ಗಕ್ಕೆ ಹಾಕಿ, ಕ್ಲಿಪ್ಪು ಸಿಕ್ಕಿಸಿದೆ. ಆಮೇಲೆ ಇನ್ನೊಂದನ್ನು ತೆಗೆದುಕೊಂಡೆ.